ದಣಿವಿನ ಜಮಾಖರ್ಚು

ಭೌತಶಾಸ್ತ್ರವನ್ನು ಹೊಸದಾಗಿ ಓದತೊಡಗಿದ ವಿದ್ಯಾರ್ಥಿಗಳನ್ನು ತಪ್ಪದೆ ತೊಡಕಿಗೆ ಸಿಲುಕಿಸುವ ಪ್ರಶ್ನೆಯೊಂದಿದೆ. ಹತ್ತು ಕಿಲೋಗ್ರಾಂ ತೂಕದ ಚೀಲವನ್ನು ಕೈಯಲ್ಲಿ ಹಿಡಿದು ಒಬ್ಬನು ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ಅರ್ಧ ಗಂಟೆಯ ಕಾಲ ಅಲುಗಾಡದೆ ನಿಂತಿರುತ್ತಾನೆ. ಅವನು ಚೀಲದ ಮೇಲೆ ಮಾಡಿದ ಕೆಲಸವೆಷ್ಟು? ಬಲ ಮತ್ತು ಸ್ಥಾನಾಂತರಗಳ ಗುಣಲಬ್ಧವೇ ಕೆಲಸವಾದುದರಿಂದ, ಚೀಲವು ಕದಲದಿರುವಾಗ ಉತ್ತರ ಸೊನ್ನೆ. ಆದರೆ ಅವನ ಕೈಯನ್ನು ಕೇಳಿದರೆ ಬರುವ ಉತ್ತರವೇ ಬೇರೆ. ಏನೂ ಕೆಲಸ ಮಾಡದವನಿಗೆ ದಣಿವಾದುದು ಹೇಗೆ?

ಅದೇ ಚೀಲವನ್ನು ಗೋಡೆಯ ಗೂಟಕ್ಕೆ ತೂಗುಹಾಕಿದ್ದರೆ ಗೂಟಕ್ಕೆ ದಣಿವಿಲ್ಲ. ಗೂಟವು ತನ್ನ ಗಡಸುತನದಿಂದಲೇ ಭಾರವನ್ನು ಹೊರುತ್ತದೆ; ಅದಕ್ಕೆ ಶಕ್ತಿಯ ವೆಚ್ಚವಿಲ್ಲ. ಸ್ನಾಯುವಿನ ರೀತಿ ಹಾಗಲ್ಲ. ಅದರ ಸಹಸ್ರಾರು ಎಳೆಗಳು ಸರದಿಯಂತೆ ಸಂಕುಚಿಸಿ, ಸಡಿಲಗೊಂಡು, ಮತ್ತೆ ಸಂಕುಚಿಸುತ್ತ ಭಾರವನ್ನು ಎತ್ತಿ ಹಿಡಿದಿರುತ್ತವೆ. ಪ್ರತಿಯೊಂದು ಸಂಕೋಚನಕ್ಕೂ ಆಹಾರದಿಂದ ಪಡೆದ ರಾಸಾಯನಿಕ ಶಕ್ತಿ ವೆಚ್ಚವಾಗುತ್ತದೆ. ಹೊರಗೆ ಕಾಣುವ ಕೆಲಸ ಸೊನ್ನೆಯಾದುದರಿಂದ ಆ ಶಕ್ತಿಯೆಲ್ಲವೂ ಉಷ್ಣವಾಗಿ ಪರಿಣಮಿಸುತ್ತದೆ. ಮೆಟ್ಟಿಲು ಹತ್ತುವಂಥ ಕೆಲಸದಲ್ಲಿಯೂ ಸ್ನಾಯುವು ವ್ಯಯಿಸಿದ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಕೆಲಸವಾಗುತ್ತದೆ. ಉಳಿದ ಮುಕ್ಕಾಲು ಭಾಗ ಉಷ್ಣವೇ.

ಈ ಚಿಕ್ಕ ಪ್ರಶ್ನೆಯಿಂದ ದೊಡ್ಡದೊಂದು ಸಂಗತಿ ನಮಗೆ ತಿಳಿದುಬರುತ್ತದೆ. ದಣಿವನ್ನು ಹೊರಗೆ ಕಾಣುವ ಕೆಲಸದಿಂದ ಅಳೆಯುವಂತಿಲ್ಲ. “ದಿನವೆಲ್ಲ ಕುಳಿತೇ ಇದ್ದೆಯಲ್ಲ, ನಿನಗೇನು ದಣಿವು?” ಎಂಬ ಮಾತನ್ನು ಕೇಳದ ವಿದ್ಯಾರ್ಥಿ ಅಪರೂಪ. ಆ ಮಾತು ಚೀಲವನ್ನು ಮಾತ್ರ ನೋಡಿದವರ ಮಾತು, ಕೈಯನ್ನು ನೋಡಿದವರದಲ್ಲ. ದುಡಿದ ಮೇಲೆ ಬಂದು, ಉಂಡು ಮಲಗಿ ಎದ್ದೊಡನೆ ಹೋಗುವ ದಣಿವು ಸಹಜವಾದುದು. ಅದರ ವಿಚಾರ ನಮಗಿಲ್ಲಿ ಬೇಕಿಲ್ಲ. ಬೆಳಗ್ಗೆ ಏಳುವಾಗಲೇ ಜೊತೆಯಲ್ಲಿ ಎದ್ದು, ವಾರಗಟ್ಟಲೆ ಬಿಡದೆ ಹಿಂಬಾಲಿಸುವ ದಣಿವಿನ ಕಾರಣಗಳನ್ನು ಈ ಲೇಖನದಲ್ಲಿ ವಿಚಾರಿಸೋಣ. ದೇಹವೂ ಒಂದು ಸಂಸಾರದಂತೆ ಜಮಾಖರ್ಚಿನ ಮೇಲೆ ನಡೆಯುತ್ತದೆ. ಉಷ್ಣ, ನೀರು, ನಿದ್ರೆ, ಆಮ್ಲಜನಕ ಇವುಗಳಲ್ಲಿ ಯಾವುದೊಂದರ ಲೆಕ್ಕ ತಪ್ಪಿದರೂ ಕೊನೆಗೆ ಕಾಣಿಸಿಕೊಳ್ಳುವುದು ಒಂದೇ ಸೂಚನೆ: ದಣಿವು.

ಗಣಿಯು ಕಲಿಸಿದ ಪಾಠ

ಉಷ್ಣದ ಲೆಕ್ಕವನ್ನು ಅರಿಯಲು ಕೋಲಾರದ ಚಿನ್ನದ ಗಣಿಗಳಿಗಿಂತ ಉತ್ತಮವಾದ ಪಾಠಶಾಲೆ ನಮ್ಮ ನಾಡಿನಲ್ಲಿರಲಿಲ್ಲ. ೧೮೮೦ರಲ್ಲಿ ಜಾನ್ ಟೇಲರ್ ಸಂಸ್ಥೆಯು ಇಲ್ಲಿ ಕೆಲಸಕ್ಕೆ ಕೈಹಾಕಿದಂದಿನಿಂದ ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚುವವರೆಗೆ ಚಿನ್ನದ ಎಳೆಯನ್ನು ಬೆನ್ನಟ್ಟಿ ಮನುಷ್ಯರು ಭೂಮಿಯೊಳಕ್ಕೆ ಇಳಿಯುತ್ತಲೇ ಹೋದರು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳವನ್ನು ಮುಟ್ಟಿ, ಲೋಕದ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆನಿಸಿತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣಮಾನವೇ ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದ್ದಿತು.

ಬಂಡೆ ಬಿಸಿಯಾದರೇನು, ಮೇಲಿನಿಂದ ತಂಪಾದ ಗಾಳಿಯನ್ನು ಬಿಟ್ಟರಾಗದೇ ಎಂದು ವಾಚಕರು ಕೇಳಬಹುದು. ಇಲ್ಲಿ ಭೌತಶಾಸ್ತ್ರವು ಅಡ್ಡ ಬರುತ್ತದೆ. ಬೈಸಿಕಲ್ಲಿಗೆ ಗಾಳಿ ತುಂಬುವಾಗ ಪಂಪು ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಗಣಿಯ ಬಾವಿಯಲ್ಲಿ ಇಳಿಯುವ ಗಾಳಿಯೂ ತನ್ನ ಮೇಲಿನ ಗಾಳಿಯ ಭಾರದಿಂದ ಒತ್ತಡಕ್ಕೊಳಗಾಗಿ, ಒಣಗಾಳಿಯಾದರೆ ಪ್ರತಿಯೊಂದು ಕಿಲೋಮೀಟರಿಗೆ ಸುಮಾರು ೧೦ ಡಿಗ್ರಿಯಷ್ಟು ಬಿಸಿಯಾಗುತ್ತದೆ. ಧೂಳನ್ನು ಅಡಗಿಸಲು ಚಿಮುಕಿಸುವ ನೀರು ಆವಿಯಾಗಿ ಗಾಳಿಯ ಬಿಸಿಯನ್ನು ಸ್ವಲ್ಪ ತಗ್ಗಿಸೀತು. ಆದರೆ ಅದರ ತೇವವನ್ನು ಏರಿಸುತ್ತದೆ. ಹೀಗೆ ಗಾಳಿಯು ತಳವನ್ನು ಮುಟ್ಟುವಾಗ ಬಿಸಿಯೂ ಆಗಿರುತ್ತದೆ, ತೇವದಿಂದಲೂ ತುಂಬಿರುತ್ತದೆ.

ಇಂಥ ಗಾಳಿಯಲ್ಲಿ ದುಡಿಯುವವನ ದೇಹದ ಲೆಕ್ಕವನ್ನು ಹಾಕಿ ನೋಡೋಣ. ಬಿರುಸಾಗಿ ಕೆಲಸ ಮಾಡುವವನ ದೇಹದಲ್ಲಿ ಸೆಕೆಂಡಿಗೆ ಸುಮಾರು ೪೦೦ ಜೌಲ್‌ಗಳಷ್ಟು ಉಷ್ಣ ಹುಟ್ಟುತ್ತದೆಂದು ಇಟ್ಟುಕೊಳ್ಳೋಣ. ಗಂಟೆಗೆ ಅದು ೧೪ ಲಕ್ಷ ಜೌಲ್‌ಗಳಿಗೂ ಮಿಕ್ಕುತ್ತದೆ. ಒಂದು ಲೀಟರು ಬೆವರು ಆವಿಯಾದರೆ ಸುಮಾರು ೨೪ ಲಕ್ಷ ಜೌಲ್ ಉಷ್ಣವನ್ನು ಒಯ್ಯುತ್ತದೆ. ಆದ್ದರಿಂದ ಗಂಟೆಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಬೆವರು ಆವಿಯಾದರೆ ಲೆಕ್ಕ ಸರಿಹೋಗುತ್ತದೆ. ಆದರೆ ತೇವದಿಂದ ತುಂಬಿದ ಗಾಳಿಯಲ್ಲಿ ಬೆವರು ಆವಿಯಾಗುವುದಿಲ್ಲ. ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಬಿದ್ದ ಬೆವರು ದೇಹದ ನೀರನ್ನೂ ಉಪ್ಪನ್ನೂ ಕಳೆಯಿತೇ ಹೊರತು ಉಷ್ಣವನ್ನು ಒಯ್ಯಲಿಲ್ಲ. ಉಷ್ಣವು ಸ್ವಲ್ಪವೂ ಹೊರಹೋಗದಿದ್ದರೆ ೬೦ ಕಿಲೋಗ್ರಾಂ ತೂಕದ ದೇಹದ ಉಷ್ಣಮಾನವು ಅರ್ಧ ಗಂಟೆಯಲ್ಲಿಯೇ ೩ ಡಿಗ್ರಿಗೂ ಹೆಚ್ಚು ಏರಬೇಕಾಗುತ್ತದೆ. ೩೭ ಡಿಗ್ರಿಯಿರಬೇಕಾದುದು ೪೦ ದಾಟಿದರೆ ಪ್ರಾಣಕ್ಕೇ ಅಪಾಯ. ಅಲ್ಲಿಗೆ ಮುಟ್ಟುವ ಮೊದಲೇ ಮೆದುಳು ಸ್ನಾಯುಗಳಿಗೆ ಕಳುಹಿಸುವ ಪ್ರೇರಣೆಯನ್ನು ತಗ್ಗಿಸುತ್ತದೆ. ಕೈಕಾಲುಗಳು ಸೋಲುತ್ತವೆ. ಆ ಸೋಲೇ ದೇಹಕ್ಕೆ ರಕ್ಷೆ.

೧೯೦೫ರಲ್ಲಿಯೇ ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನ್ ಅವರು, ಬಿಸಿಯಲ್ಲಿ ಮನುಷ್ಯನ ಶಕ್ತಿಯ ಮಿತಿಯನ್ನು ಗೊತ್ತುಪಡಿಸುವುದು ಸಾಮಾನ್ಯ ಉಷ್ಣಮಾಪಕವಲ್ಲ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವೆಂದು ತೋರಿಸಿದ್ದರು. ಶಾಲೆಯ ಪ್ರಯೋಗಾಲಯದಲ್ಲಿ ಗಾಳಿಯ ತೇವವನ್ನು ಅಳೆಯಲು ನಾವು ಬಳಸುವ ಆರ್ದ್ರಗೋಲವೇ ಅದು. ೧೯೪೦ರ ದಶಕದಲ್ಲಿ ಎ. ಕ್ಯಾಪ್ಲನ್ ಎಂಬ ವೈದ್ಯರು ಕೋಲಾರದ ಗಣಿಗಳಲ್ಲಿ ಕಾರ್ಮಿಕರು ಕುಸಿದುಬೀಳುತ್ತಿದ್ದ ಪ್ರಸಂಗಗಳನ್ನು ಒಂದೊಂದಾಗಿ ವಿಶ್ಲೇಷಿಸಿದರು. ಆಳದ ಗಣಿಗಳ ಬಿಸಿಯು ಕೆಲಸದ ಸಾಮರ್ಥ್ಯವನ್ನು ಹೇಗೆ ಕುಗ್ಗಿಸುತ್ತದೆಂಬುದನ್ನು ಕುರಿತು ಕ್ಯಾಪ್ಲನ್ ಮತ್ತು ಲಿಂಡ್ಸೆ ನಡೆಸಿದ ಪ್ರಯೋಗಗಳು ೧೯೪೬ರಲ್ಲಿ ಪ್ರಕಟವಾದವು. ಗಣಿಯ ಬಿಸಿಯನ್ನು ತಗ್ಗಿಸಲು ೧೯೩೯ರ ವೇಳೆಗೇ ಗಾಳಿಯನ್ನು ತಂಪುಗೊಳಿಸುವ ಯಂತ್ರಸ್ಥಾವರವನ್ನು ಇಲ್ಲಿ ನೆಲದ ಮೇಲೆ ಹೂಡಲಾಗಿತ್ತು.

ಇದರಲ್ಲಿನ ತಾತ್ಪರ್ಯವನ್ನು ಗಮನಿಸಬೇಕು. ಕುಸಿದವನು ಸೋಮಾರಿಯಾಗಿರಲಿಲ್ಲ, ದುರ್ಬಲನೂ ಆಗಿರಬೇಕಾಗಿಲ್ಲ. ಅವನ ಉಷ್ಣಕ್ಕೆ ಹೊರಹೋಗಲು ದಾರಿಯಿರಲಿಲ್ಲ. ಅವನಿಗೆ ಬೇಕಾಗಿದ್ದುದು ಬುದ್ಧಿವಾದವೂ ಅಲ್ಲ, ಶಕ್ತಿವರ್ಧಕ ಔಷಧಿಯೂ ಅಲ್ಲ; ತಂಪಾದ ಒಣಗಾಳಿ, ಕುಡಿಯಲು ನೀರು, ಉಪ್ಪು, ನಡುನಡುವೆ ವಿರಾಮ. ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಕುಳಿತು ಓದುವವರಿಗೂ, ಕಿಕ್ಕಿರಿದ ಗಾಡಿಯಲ್ಲಿ ನಿಲ್ಲುವವರಿಗೂ ಇದೇ ಲೆಕ್ಕ ಸಣ್ಣ ಪ್ರಮಾಣದಲ್ಲಿ ಅನ್ವಯಿಸುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು ನೀರು ಕಡಮೆಯಾದರೆ, ಅಂದರೆ ೫೦ ಕಿಲೋಗ್ರಾಂ ತೂಗುವವರಲ್ಲಿ ಒಂದು ಲೀಟರು ಕೊರತೆಯಾದರೆ, ದುಡಿಮೆಯ ಶಕ್ತಿಯೂ ಮನಸ್ಸಿನ ಏಕಾಗ್ರತೆಯೂ ಕುಗ್ಗತೊಡಗುತ್ತವೆ. ಶುಚಿಯಾದ ಶೌಚಾಲಯವಿಲ್ಲವೆಂದು ಹಗಲೆಲ್ಲ ನೀರನ್ನೇ ಮುಟ್ಟದ ಹೆಣ್ಣುಮಕ್ಕಳು ಈ ಕೊರತೆಗೆ ಸುಲಭವಾಗಿ ಗುರಿಯಾಗುತ್ತಾರೆ.

ರೈಲುಗಾಡಿಯೂ ನಿದ್ರೆಯ ಸಾಲವೂ

ಗಣಿಗಳು ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಜನರ ದುಡಿಮೆಯ ದಾರಿ ಬದಲಾಯಿತು. ಒಂದು ಕಾಲಕ್ಕೆ ಬಾವಿಯೊಳಕ್ಕೆ ಇಳಿಯುತ್ತಿದ್ದ ಮನೆತನಗಳಿಂದ ಈಗ ಸಾವಿರಾರು ಮಂದಿ ನಸುಕಿನಲ್ಲೆದ್ದು ಬೆಂಗಳೂರಿನ ಗಾಡಿಯನ್ನು ಹಿಡಿಯುತ್ತಾರೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿದವರು ಬಂಗಾರಪೇಟೆಯನ್ನು ಹಾದು, ಅಲ್ಲಿಂದ ಮತ್ತೆ ಸುಮಾರು ೭೦ ಕಿಲೋಮೀಟರು ದೂರ, ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರಗಳ ಮಾರ್ಗವಾಗಿ ನಗರವನ್ನು ಸೇರುತ್ತಾರೆ. ಅವರಲ್ಲಿ ಕೂಲಿಗಾರರಿದ್ದಾರೆ, ಗುಮಾಸ್ತರಿದ್ದಾರೆ, ಕಾಲೇಜು ವಿದ್ಯಾರ್ಥಿಗಳಿದ್ದಾರೆ. ಅವರ ದಣಿವಿನ ಮುಖ್ಯ ಕಾರಣ ಬಿಸಿಯಲ್ಲ, ನಿದ್ರೆ.

ಬೆಳಗಿನ ೪–೩೦ಕ್ಕೆ ಎದ್ದು, ರಾತ್ರಿ ೯ಕ್ಕೆ ಮನೆ ಸೇರಿ, ಊಟ ಮುಗಿಸಿ ೧೧ಕ್ಕೆ ಮಲಗುವ ವಿದ್ಯಾರ್ಥಿಯೊಬ್ಬನಿದ್ದಾನೆಂದು ಭಾವಿಸೋಣ. ಅವನಿಗೆ ದೊರೆಯುವ ನಿದ್ರೆ ಐದೂವರೆ ಗಂಟೆ. ವಯಸ್ಕರಿಗೆ ಕನಿಷ್ಠಪಕ್ಷ ೭ ಗಂಟೆಯೂ, ಹದಿನಾಲ್ಕರಿಂದ ಹದಿನೇಳರ ವಯಸ್ಸಿನವರಿಗೆ ೮ರಿಂದ ೧೦ ಗಂಟೆಯೂ ನಿದ್ರೆ ಬೇಕೆಂಬುದು ತಜ್ಞರ ಅಭಿಪ್ರಾಯ. ಏಳು ಗಂಟೆಯ ಲೆಕ್ಕವನ್ನೇ ಹಿಡಿದರೂ ದಿನಕ್ಕೆ ಒಂದೂವರೆ ಗಂಟೆಯ ಸಾಲ. ಆರು ದಿನಗಳಲ್ಲಿ ಒಂಬತ್ತು ಗಂಟೆ. ಒಂದು ಪೂರ್ತಿ ರಾತ್ರಿಯೇ ಕಳೆದುಹೋದಂತಾಯಿತು.

ಈ ಸಾಲ ಎಲ್ಲಿ ಬರೆದಿರುತ್ತದೆ? ನಾವು ಎಚ್ಚರವಾಗಿರುವಷ್ಟು ಕಾಲವೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಶೇಖರವಾಗುತ್ತ ಹೋಗಿ ನಿದ್ರೆಯ ಒತ್ತಡವನ್ನು ಹೆಚ್ಚಿಸುತ್ತದೆ. ನಿದ್ರಿಸಿದಾಗ ಅದು ತಗ್ಗುತ್ತದೆ. ಇದರ ಜೊತೆಯಲ್ಲಿ ಬೆಳಕು ಕತ್ತಲೆಗಳಿಗೆ ಹೊಂದಿಕೊಂಡು ನಡೆಯುವ ಗಡಿಯಾರವೊಂದು ಮೆದುಳಿನಲ್ಲಿದೆ. ಈ ಎರಡರ ಕೂಡುವಿಕೆಯಿಂದಲೇ ನಿದ್ರೆ ಎಚ್ಚರಗಳು ಗೊತ್ತಾಗುತ್ತವೆಂದು ೧೯೮೨ರಲ್ಲಿ ಸ್ವಿಟ್ಸರ್ಲೆಂಡಿನ ಬೋರ್ಬೆಲಿಯವರು ನಿರೂಪಿಸಿದರು. ಕಾಫಿಯಲ್ಲಿರುವ ಕೆಫೀನ್ ಅಡಿನೋಸಿನ್ ಕೂರಬೇಕಾದ ಪೀಠವನ್ನು ತಾನು ಆಕ್ರಮಿಸಿ, ಸಾಲದ ಚೀಟಿಯನ್ನು ಕಣ್ಣಿಗೆ ಕಾಣದಂತೆ ಮರೆಮಾಡುತ್ತದೆ; ಸಾಲವನ್ನೇನೂ ತೀರಿಸುವುದಿಲ್ಲ. ವಿಕಿರಣ ವಸ್ತುಗಳಂತೆ ಕೆಫೀನಿಗೂ ದೇಹದಲ್ಲಿ ಒಂದು ಅರ್ಧಾಯುವುಂಟು. ಅದು ಸುಮಾರು ೫ ಗಂಟೆ. ಸಂಜೆ ಆರಕ್ಕೆ ನಿಲ್ದಾಣದಲ್ಲಿ ಕುಡಿದ ಕಾಫಿಯ ಅರ್ಧದಷ್ಟು ಕೆಫೀನ್ ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಓಡಾಡುತ್ತಿದ್ದು, ಇರುವ ಸ್ವಲ್ಪ ನಿದ್ರೆಯನ್ನೂ ತೆಳುವಾಗಿಸುತ್ತದೆ.

ನಿದ್ರೆಯ ಸಾಲದಲ್ಲಿ ಇನ್ನೊಂದು ಮೋಸವಿದೆ. ೨೦೦೩ರಲ್ಲಿ ಪ್ರಕಟವಾದ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಪ್ರಯೋಗವೊಂದರಲ್ಲಿ ಆರೋಗ್ಯವಂತರಾದ ವಯಸ್ಕರಿಗೆ ಹದಿನಾಲ್ಕು ದಿನಗಳ ಕಾಲ ರಾತ್ರಿಗೆ ೪, ೬ ಅಥವಾ ೮ ಗಂಟೆಗಳಷ್ಟೇ ಮಲಗಲು ಅವಕಾಶವಿತ್ತು. ಆರು ಗಂಟೆ ಮತ್ತು ಅದಕ್ಕಿಂತ ಕಡಮೆ ಮಲಗಿದವರ ಗಮನಶಕ್ತಿ ದಿನೇ ದಿನೇ ಇಳಿಯುತ್ತ, ಕೊನೆಗೆ ಒಂದೆರಡು ರಾತ್ರಿ ಕಣ್ಣನ್ನೇ ಮುಚ್ಚದವರ ಮಟ್ಟಕ್ಕೆ ಬಂದಿತು. ಆದರೆ ಅವರನ್ನು ಕೇಳಿದಾಗ, ತಮಗೆ ಅಂಥ ನಿದ್ರೆಯೇನೂ ಬರುತ್ತಿಲ್ಲವೆಂದೇ ಅವರು ಹೇಳುತ್ತಿದ್ದರು. ಅಂದರೆ “ನನಗೆ ಅಭ್ಯಾಸವಾಗಿಹೋಗಿದೆ” ಎನ್ನುವವನ ಮಾತನ್ನು ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ. ಅಭ್ಯಾಸವಾದುದು ದಣಿವಿಗೆ, ನಿದ್ರೆಯಿಲ್ಲದಿರುವುದಕ್ಕಲ್ಲ.

ಇದರ ಪರಿಣಾಮ ಪರೀಕ್ಷೆಯ ಅಂಕಗಳಲ್ಲಿಯೇ ನಿಲ್ಲುವುದಿಲ್ಲ. ಸತತವಾಗಿ ೧೭ ಗಂಟೆ ಎಚ್ಚರವಾಗಿದ್ದವರ ಕೈಚಳಕವು, ರಕ್ತದಲ್ಲಿ ನೂರಕ್ಕೆ ೦.೦೫ರಷ್ಟು ಮದ್ಯಸಾರವಿರುವವರ ಕೈಚಳಕಕ್ಕೆ ಸಮನಾಗಿ ಇಳಿಯುತ್ತದೆಂದು ೧೯೯೭ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ೪–೩೦ಕ್ಕೆ ಎದ್ದವನಿಗೆ ಆ ಹದಿನೇಳು ಗಂಟೆ ತುಂಬುವುದು ರಾತ್ರಿ ೯–೩೦ಕ್ಕೆ. ನಿಲ್ದಾಣದಲ್ಲಿಟ್ಟಿದ್ದ ಮೋಟಾರ್ ಸೈಕಲ್ಲನ್ನು ಹತ್ತಿ ಕತ್ತಲೆಯ ರಸ್ತೆಯಲ್ಲಿ ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ.

ಬುದ್ಧಿಯ ದಣಿವು ಬೇರೆ, ದೇಹದ ದಣಿವು ಬೇರೆ ಎಂದು ಭಾವಿಸುವವರುಂಟು. ೧೮೯೧ರಲ್ಲಿ ದಣಿವನ್ನು ಕುರಿತು ಗ್ರಂಥವೊಂದನ್ನೇ ಬರೆದ ಇಟಲಿಯ ಏಂಜೆಲೊ ಮೋಸೊ, ಬೆರಳು ಎಷ್ಟು ಸಾರಿ ತೂಕವನ್ನೆಳೆಯಬಲ್ಲದೆಂಬುದನ್ನು ದಾಖಲಿಸುವ ಯಂತ್ರವನ್ನು ಮಾಡಿದ್ದರು. ವಿದ್ಯಾರ್ಥಿಗಳ ಬಾಯಿಪರೀಕ್ಷೆಗಳನ್ನು ನಡೆಸಿ ಬಂದ ಅಧ್ಯಾಪಕರ ಬೆರಳು ಎಂದಿಗಿಂತ ಬೇಗ ಸೋತಿತು. ಬೆರಳೇನೂ ದುಡಿದಿರಲಿಲ್ಲ, ದುಡಿದುದು ಮೆದುಳು.

ರಕ್ತದಲ್ಲಿನ ಕಬ್ಬಿಣ

ಸಾಕಷ್ಟು ಮಲಗಿಯೂ, ನೀರು ಕುಡಿದೂ ದಣಿವು ಹೋಗದವರಲ್ಲಿ ಆಮ್ಲಜನಕದ ಲೆಕ್ಕವನ್ನು ನೋಡಬೇಕು. ನಮ್ಮ ರಕ್ತದ ಕೆಂಪುಕಣಗಳಲ್ಲಿರುವ ಹೀಮೋಗ್ಲೋಬಿನ್ ಎಂಬ ವಸ್ತುವಿನ ಒಂದೊಂದು ಅಣುವಿನಲ್ಲಿಯೂ ಕಬ್ಬಿಣದ ನಾಲ್ಕು ಪರಮಾಣುಗಳಿವೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದುಕೊಂಡು ಸ್ನಾಯುಗಳಿಗೂ ಮೆದುಳಿಗೂ ತಲುಪಿಸುವವು ಅವೇ. ಕಬ್ಬಿಣ ಸಾಲದಾದಾಗ ಹೊರೆಯಾಳುಗಳು ಕಡಮೆಯಾದಂತೆ. ಹೃದಯವು ಇದ್ದವರನ್ನೇ ಬೇಗ ಬೇಗ ಓಡಿಸಬೇಕಾಗುತ್ತದೆ. ಮಹಡಿ ಹತ್ತಿದೊಡನೆ ಏದುಸಿರು, ಎದೆಬಡಿತ, ತಲೆಸುತ್ತು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳು.

ನೂರು ಮಿಲಿಲೀಟರು ರಕ್ತದಲ್ಲಿ ವಯಸ್ಕ ಸ್ತ್ರೀಯರಿಗೆ ೧೨ ಗ್ರಾಂ, ಪುರುಷರಿಗೆ ೧೩ ಗ್ರಾಂಗಿಂತ ಕಡಮೆ ಹೀಮೋಗ್ಲೋಬಿನ್ ಇದ್ದರೆ ಅದನ್ನು ರಕ್ತಹೀನತೆಯೆನ್ನುತ್ತಾರೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ರ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿದ್ದುದು ಕಂಡುಬಂದಿತು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು ೪೮ ಮಂದಿಗೆ. ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ಗದರಿಸುವ ಮುನ್ನ ಅಧ್ಯಾಪಕರಾದ ನಾವು ಈ ಸಂಖ್ಯೆಗಳನ್ನು ನೆನೆಯುವುದು ಒಳ್ಳೆಯದು.

ಕೋಲಾರ ಸೀಮೆಯವರಿಗೆ ಮುದ್ದೆಯೇ ಮುಖ್ಯ ಆಹಾರ. ರಾಗಿಯಲ್ಲಿ ಕಬ್ಬಿಣಾಂಶವಿದೆ, ಸುಣ್ಣದ ಅಂಶವು ಧಾನ್ಯಗಳಲ್ಲೆಲ್ಲ ಹೆಚ್ಚಾಗಿದೆ. ಆದರೆ ಅದರಲ್ಲಿರುವ ಫೈಟೇಟ್ ಮೊದಲಾದ ವಸ್ತುಗಳು ಕಬ್ಬಿಣವನ್ನು ಕಟ್ಟಿಹಾಕಿ ಕರುಳು ಹೀರಿಕೊಳ್ಳದಂತೆ ತಡೆಯುತ್ತವೆ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಹಿಟ್ಟುಮಾಡಿದರೆ ಈ ತಡೆ ಕಡಮೆಯಾಗುತ್ತದೆ. ಸೊಪ್ಪಿನ ಸಾರಿಗೆ ನಿಂಬೆಯ ಹುಳಿ ಹಿಂಡಿದರೆ, ಊಟದ ಜೊತೆ ನೆಲ್ಲಿಕಾಯಿಯನ್ನೋ ಸೀಬೆಹಣ್ಣನ್ನೋ ತಿಂದರೆ, ಅವುಗಳಲ್ಲಿನ ಸಿ ಜೀವಸತ್ವವು ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಊಟವಾದೊಡನೆ ಚಹಾ ಕುಡಿಯುವ ಅಭ್ಯಾಸವು ಇದಕ್ಕೆ ವಿರುದ್ಧವಾದುದು. ಚಹಾದ ಒಗರು ಕಬ್ಬಿಣವನ್ನು ಬಂಧಿಸುತ್ತದೆ. ಒಂದು ಗಂಟೆಯ ಅಂತರವಿದ್ದರೆ ಒಳಿತು. ಶಾಲೆಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಮಾತ್ರೆಯಲ್ಲಿರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಅದನ್ನು ಕಿಟಕಿಯಿಂದಾಚೆಗೆ ಎಸೆಯುವ ವಿದ್ಯಾರ್ಥಿಗಳು ತಮ್ಮ ಆಮ್ಲಜನಕವನ್ನೇ ಎಸೆದಂತೆ.

ಲೆಕ್ಕ ಬರೆಯುವ ಬಗೆ

ಕಾರಣಗಳು ಹಲವು, ಸೂಚನೆ ಒಂದೇ ಎಂದಾದಾಗ ತನ್ನ ದಣಿವಿಗೆ ಯಾವುದು ಕಾರಣವೆಂದು ಒಬ್ಬನು ತಿಳಿಯುವುದು ಹೇಗೆ? ಪ್ರಯೋಗಾಲಯದಲ್ಲಿ ನಾವು ಅನುಸರಿಸುವ ಮಾರ್ಗವೇ ಇಲ್ಲಿಯೂ ಸಾಕು. ಎರಡು ವಾರಗಳ ಕಾಲ ಒಂದು ಚಿಕ್ಕ ಪುಸ್ತಕದಲ್ಲಿ ಮಲಗಿದ ವೇಳೆ, ಎದ್ದ ವೇಳೆ, ಕುಡಿದ ನೀರು, ಕಾಫಿ ಚಹಾಗಳ ಹೊತ್ತು, ಊಟ, ನಡಿಗೆ ಇವುಗಳನ್ನು ಬರೆದಿಡಬೇಕು. ಪ್ರತಿದಿನವೂ ಗೊತ್ತಾದ ಮೂರು ಹೊತ್ತಿನಲ್ಲಿ ದಣಿವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕವನ್ನು ಕೊಡಬೇಕು. ಅನಂತರ ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಿ, ಮಿಕ್ಕವನ್ನು ಇದ್ದಂತೆಯೇ ಇರಿಸಿ, ಅಂಕಗಳು ಏನಾಗುತ್ತವೆಂದು ನೋಡಬೇಕು.

ಮೊದಲು ಬದಲಿಸಲು ತಕ್ಕುದು ನಿದ್ರೆ. ಗಾಡಿಯ ವೇಳೆ ನಮ್ಮ ಕೈಯಲ್ಲಿಲ್ಲ; ಮಲಗುವ ವೇಳೆಯಲ್ಲಿ ಸ್ವಲ್ಪವಾದರೂ ನಮ್ಮ ಕೈಯಲ್ಲಿದೆ. ರಾತ್ರಿ ಊಟದ ಮೇಲೆ ದೂರವಾಣಿಯ ಹೊಳೆಯುವ ಪರದೆಯ ಮುಂದೆ ಕಳೆಯುವ ಮುಕ್ಕಾಲು ಗಂಟೆಯನ್ನು ಹಾಸಿಗೆಗೆ ಕೊಟ್ಟರೆ ವಾರಕ್ಕೆ ನಾಲ್ಕೂವರೆ ಗಂಟೆಯ ಸಾಲ ತೀರುತ್ತದೆ. ಆ ಬೆಳಕು ಮೆದುಳಿನ ಗಡಿಯಾರವನ್ನೂ ಹಿಂದಕ್ಕೆ ತಳ್ಳುವುದರಿಂದ ಲಾಭ ಇಮ್ಮಡಿ. ಭಾನುವಾರ ಮಧ್ಯಾಹ್ನದವರೆಗೆ ಮಲಗುವುದಕ್ಕಿಂತ, ಒಂದು ಗಂಟೆ ತಡವಾಗಿ ಎದ್ದು, ಮಧ್ಯಾಹ್ನ ಇಪ್ಪತ್ತು ನಿಮಿಷ ಒರಗುವುದು ಮೇಲು. ಇಲ್ಲವಾದರೆ ಸೋಮವಾರದ ನಸುಕು ಇನ್ನಷ್ಟು ಕಠಿಣವಾಗುತ್ತದೆ. ಗಾಡಿಯಲ್ಲಿ ಕೂರಲು ಸ್ಥಳ ಸಿಕ್ಕವರು ಕಣ್ಣು ಮುಚ್ಚುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆಯ ಚುರುಕಾದ ನಡಿಗೆಯೂ ದಣಿವನ್ನು ಹೆಚ್ಚಿಸುವುದಕ್ಕೆ ಬದಲಾಗಿ ತಗ್ಗಿಸುತ್ತದೆ. ದುಡಿಸದ ಸ್ನಾಯುವು ಬೇಗ ಸೋಲುವ ಸ್ನಾಯುವಾಗುತ್ತದೆ.

ಆದರೆ ಎಲ್ಲ ದಣಿವೂ ಮನೆಮದ್ದಿಗೆ ಬಗ್ಗುವುದಿಲ್ಲ. ಕೋಲಾರದ ಗಣಿಗಾರರನ್ನು ೧೯೪೦ರ ದಶಕದಲ್ಲಿ ಪರೀಕ್ಷಿಸಿದಾಗ ಸಾವಿರಾರು ಮಂದಿಯ ಶ್ವಾಸಕೋಶಗಳಲ್ಲಿ ಕಲ್ಲಿನ ಸೂಕ್ಷ್ಮ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗ ಕಂಡುಬಂದಿತು. ಅವರ ಆಯಾಸವು ವಿಶ್ರಾಂತಿಯಿಂದ ಹೋಗುವಂಥದಾಗಿರಲಿಲ್ಲ. ಲೆಕ್ಕವನ್ನು ಸರಿಪಡಿಸಿ ಎರಡು ಮೂರು ವಾರ ಕಳೆದರೂ ದಣಿವು ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ತೂಕ ಇಳಿಯುತ್ತಿದ್ದರೆ, ಎರಡು ವಾರಕ್ಕೂ ಮೀರಿ ಕೆಮ್ಮಿದ್ದರೆ, ಸಂಜೆಯ ಜ್ವರ, ಅತಿಯಾದ ಬಾಯಾರಿಕೆ, ಗೊರಕೆಯ ನಡುವೆ ಉಸಿರು ಕಟ್ಟುವುದು, ಬಹುದಿನ ಬಿಡದ ಮಂಕು ಇವುಗಳಲ್ಲಿ ಯಾವುದಿದ್ದರೂ ಕಾಯದೆ ಹೋಗಬೇಕು. ಕ್ಷಯ, ಮಧುಮೇಹ, ಥೈರಾಯಿಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ ಇವೆಲ್ಲವೂ ಮೊದಲು ದಣಿವಿನ ವೇಷದಲ್ಲಿ ಬರಬಲ್ಲವು, ಇವೆಲ್ಲಕ್ಕೂ ಚಿಕಿತ್ಸೆಯುಂಟು. ಕಾರಣವನ್ನರಿಯದೆ ಅಂಗಡಿಯಿಂದ ಟಾನಿಕ್ಕಿನ ಸೀಸೆಯನ್ನು ಕೊಂಡು ತರುವುದು, ಯಾವ ಸಾಲವೆಂದು ಕೇಳದೆ ಯಾರಿಗೋ ಹಣವನ್ನು ಕೊಟ್ಟಂತೆ.

ದಣಿವಿನ ಕಾರಣಗಳಲ್ಲಿ ಕೆಲವು ಒಬ್ಬೊಬ್ಬರ ಕೈಯಲ್ಲಿವೆ, ಕೆಲವು ಇಲ್ಲ. ಗಣಿಯ ತಳದಲ್ಲಿದ್ದವನು ತನ್ನ ಸುತ್ತಣ ಗಾಳಿಯನ್ನು ತಾನೇ ತಂಪುಮಾಡಿಕೊಳ್ಳಲಾರದವನಾಗಿದ್ದನು. ಅದನ್ನು ಮೇಲಿದ್ದವರು ಮಾಡಬೇಕಾಗಿತ್ತು. ಹಾಗೆಯೇ ದೂರದೂರಿನಿಂದ ಬರುವ ವಿದ್ಯಾರ್ಥಿಗಳಿರುವಲ್ಲಿ ಮೊದಲ ಪಾಠದ ವೇಳೆಯನ್ನು ಗೊತ್ತುಮಾಡುವವರೂ, ಶಾಲೆಗೆ ನೀರು, ಶೌಚಾಲಯಗಳನ್ನು ಒದಗಿಸುವವರೂ, ಮನೆಯಲ್ಲಿ ಮಗಳ ತಟ್ಟೆಗೆ ಬಡಿಸುವವರೂ ಈ ಜಮಾಖರ್ಚಿನಲ್ಲಿ ಪಾಲುದಾರರು. ದಣಿದವರನ್ನು ಸೋಮಾರಿಗಳೆಂದು ಕರೆಯುವುದು ಸುಲಭ. ಅವರ ಲೆಕ್ಕದ ಪುಸ್ತಕವನ್ನು ತೆರೆದು ನೋಡುವುದು ಸ್ವಲ್ಪ ಶ್ರಮದ ಕೆಲಸ. ಆದರೆ ಪರಿಹಾರವಿರುವುದು ಅದರಲ್ಲಿ.